ಹಣೆಯ ಬಲಗಡೆ

ಡಾಕ್ಟರು ಮೂರನೆಯ ಸಲ ತನ್ನ ಹಣೆಯ ಕಡೆ ನೋಡಿದಾಗ ಅಲ್ಲಾಉದ್ದೀನ ಟೋಪಿಯನ್ನು ಮುಂದಕ್ಕೆ ಎಳೆದುಕೊಂಡ. ಎಳೆದುಕೊಂಡ ಮೇಲೆ ಅವನಿಗೇ ಸೋಜಿಗವಾಯಿತು. ಎಷ್ಟೋ ವರ್ಷದಿಂದ ಆ ಕೈ ಟೋಪಿಯನ್ನು ಹಿಂದಕ್ಕೆ ಸರಿಸುತ್ತಲೇ ಬಂದಿತ್ತು. ಎರಡು ಬೆರಳಿನಷ್ಟು ಹಿಂದಕ್ಕೆ, ಬೆವರು ಒರೆಸಿಕೊಳ್ಳುವ ನೆಪದಲ್ಲಿ, ಯಾರಿಗೂ ಗೊತ್ತಾಗದ ಹಾಗೆ. ಮುಂದಕ್ಕೆ ಎಳೆಯುವುದು ಅದಕ್ಕೆ ರೂಢಿಯೇ ತಪ್ಪಿಹೋಗಿತ್ತು. ಇವತ್ತು ತೋರಿಸಿಕೊಳ್ಳಲು ಬಂದವನು ಅವನಲ್ಲ, ಅವನ ಹೆಂಡತಿ. ಮನೂಕ, ಅಂದರೆ ಒಣದ್ರಾಕ್ಷಿ, ಮಾಡುವ ಹಂಗಾಮಿನಲ್ಲಿ ದ್ರಾಕ್ಷಿ ಅದ್ದುವ ಔಷಧದ ನೀರಿಗೆ ರಹಿಮಾಬಿಯ ಅಂಗೈಗಳು ಸೀಳು ಬಿಟ್ಟು, ರೊಟ್ಟಿ ಬಡಿಯುವುದೂ ಆಗದಷ್ಟಾದಾಗ, ಸೊಸೆ ನಿಖತ ಹಟ ಹಿಡಿದು ಇಬ್ಬರನ್ನೂ ಟಿಕೋಟಾದ ಬೆಳಗಿನ ಬಸ್ಸಿಗೆ ಹತ್ತಿಸಿ ಪಟ್ಟಣದ ಜಲನಗರದ ಈ ಚರ್ಮದ ಡಾಕ್ಟರ ಹತ್ತಿರ ಕರೆತಂದಿದ್ದಳು. ಅವನು ಸುಮ್ಮನೆ ಜೊತೆಗೆ ಬಂದವನು, ಗೋಡೆಗೆ ಹಚ್ಚಿದ ಬೆಂಚಿನ ತುದಿಯಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ಕುಳಿತವನು. ಡಾಕ್ಟರು ಗೌತಮಿ ಚಿಕ್ಕ ವಯಸ್ಸಿನವಳು. ರಹಿಮಾಬಿಯ ಅಂಗೈಯನ್ನು ದೀಪದ ಕೆಳಗೆ ಹಿಡಿದುಕೊಂಡು ಮಾತಾಡುತ್ತಿದ್ದಳು; ಆದರೆ ಮಾತಿನ ನಡುನಡುವೆ ಅವಳ ಕಣ್ಣು ಅಂಗೈ ಬಿಟ್ಟು ಬೆಂಚಿನ ಕಡೆ ಹೋಗಿ ಬರುತ್ತಿತ್ತು.

ಕೊನೆಗೆ ಅವಳು ಕೇಳಿಯೇ ಬಿಟ್ಟಳು, ಕಾಕಾರ ಹಣೆಯ ಮೇಲೆ ಅದೇನು ಎಂದು. ಅಲ್ಲಾಉದ್ದೀನ ಬಾಯಿ ತೆರೆಯುವಷ್ಟರಲ್ಲಿ ನಿಖತ ಹೇಳಿದಳು.

"ಅದು ನಮಾಜಿನ ಗುರುತ್ರಿ ಮೇಡಮ್."

ಅವಳ ದನಿಯಲ್ಲಿ ಹೆಮ್ಮೆಯಿತ್ತು, ಜೊತೆಗೆ ಸ್ವಲ್ಪ ಮುನಿಸೂ ಇತ್ತು. ಡಾಕ್ಟರ ಮುಖ ಕೆಂಪಾಯಿತು. ತಪ್ಪು ತಿಳಿಯಬೇಡಿ ಎಂದು ಮೆಲ್ಲಗೆ ಹೇಳಿ ಮತ್ತೆ ಅಂಗೈಯ ಮೇಲೆ ಬಗ್ಗಿದಳು. ಆಮೇಲೆ ತಲೆ ಎತ್ತಲೇ ಇಲ್ಲ. ಮುಲಾಮು ಬರೆದಳು, ಕೈಗೆ ಹಾಕಿಕೊಳ್ಳುವ ಗವಸಿನ ಬಗ್ಗೆ ಹೇಳಿದಳು, ಹದಿನೈದು ದಿನ ಬಿಟ್ಟು ಬರಲು ಹೇಳಿದಳು. ಬಾಗಿಲ ತನಕ ಹೋದ ಅಲ್ಲಾಉದ್ದೀನನಿಗೆ ಬೆನ್ನ ಮೇಲೆ ಅವಳ ನೋಟ ಇದೆ ಎಂದೇ ಅನ್ನಿಸುತ್ತಿತ್ತು.

ಗೌರವದ ನೋಟ ಹೇಗಿರುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಅದು ಹಣೆಯಿಂದ ಶುರುವಾಗುತ್ತದೆ, ತಕ್ಷಣ ಕೆಳಗಿಳಿಯುತ್ತದೆ, ನೋಡುವವನ ಕತ್ತೂ ಅದರ ಜೊತೆ ಒಂದಿಷ್ಟು ಬಗ್ಗುತ್ತದೆ. ಟಿಕೋಟಾದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುರ್ಚಿ ಬಿಟ್ಟು ಏಳುವ ಹುಡುಗರ ನೋಟ ಹಾಗೆ, ಬದುವಿನ ಜಗಳ ಬಗೆಹರಿಸಿಕೊಡಿ ಎಂದು ಬರುವ ಅಣ್ಣತಮ್ಮಂದಿರ ನೋಟ ಹಾಗೆ. ಈ ಹುಡುಗಿಯ ನೋಟ ಹಣೆಯಲ್ಲಿ ಶುರುವಾಗಿ ಅಲ್ಲೇ ನಿಂತಿತ್ತು. ಇಳಿಯುವ ಬದಲು ಹತ್ತಿರ ಬರುತ್ತಿತ್ತು. ಆ ನೋಟವೂ ಅವನಿಗೆ ಹೊಸದಲ್ಲ. ತನ್ನ ದ್ರಾಕ್ಷಿ ತೋಟದಲ್ಲಿ ಎಲೆಯ ಮೇಲೊಂದು ರೋಗದ ಎಣ್ಣೆಚುಕ್ಕೆ ಕಂಡರೆ ಅವನೇ ಹಾಗೆ ನಿಲ್ಲುತ್ತಾನೆ. ಎಲೆಯನ್ನು ಬೆಳಕಿಗೆ ಹಿಡಿದು ಮಗುಚುತ್ತಾನೆ, ಹಿಂಬದಿಗೆ ಬೂಷ್ಟು ಇದೆಯೋ ಇಲ್ಲವೋ ನೋಡುತ್ತಾನೆ. ಐವತ್ತು ವರ್ಷದಲ್ಲಿ ಎಷ್ಟು ಎಲೆ ಮಗುಚಿದ್ದಾನೋ ಲೆಕ್ಕವಿಲ್ಲ. ಎಲೆಗೆ ಯಾವತ್ತೂ ಅವನು ತಪ್ಪು ತಿಳಿಯಬೇಡ ಎಂದಿರಲಿಲ್ಲ.

ಮೆಟ್ಟಿಲಿಳಿದು ಬಂದರೆ ಕೆಳಗೇ ಔಷಧದಂಗಡಿ. ನಿಖತ ಚೀಟಿ ಹಿಡಿದು ನಿಂತಳು, ರಹಿಮಾಬಿ ನೆರಳಿದ್ದ ಕಟ್ಟೆಯ ಮೇಲೆ ಕೂತಳು, ಅಲ್ಲಾಉದ್ದೀನನಿಗೆ ಮಾತ್ರ ಕೂಡಬೇಕೆನ್ನಿಸಲಿಲ್ಲ. ಸಾಲಾಗಿ ನಿಲ್ಲಿಸಿದ ಸ್ಕೂಟರುಗಳ ನಡುವೆ ನಿಂತ. ಮಾರ್ಚಿನ ಬಿಸಿಲು ಆಗಲೇ ನೆತ್ತಿಗೆ ಬಂದಿತ್ತು. ಒಂದು ಸ್ಕೂಟರಿನ ಕನ್ನಡಿ ಸರಿಯಾಗಿ ಅವನ ಮುಖಕ್ಕೆ ತಿರುಗಿತ್ತು. ಅತ್ತಿತ್ತ ನೋಡಿ ಅವನು ಬಗ್ಗಿದ, ಟೋಪಿ ಹಿಂದೆ ಸರಿಸಿದ. ಮನೆಯ ಕನ್ನಡಿಯಿರುವುದು ಕತ್ತಲೆಯ ಮೂಲೆಯಲ್ಲಿ. ಅದರಲ್ಲಿ ಅದು ಒಂದೇ ಬಣ್ಣದ ಗುರುತು, ನಡುಹಣೆಯಿಂದ ಬಲಗಡೆಯ ಕಣತಲೆಯ ತನಕ ಹಬ್ಬಿದ ಕಂದು ನೆರಳು. ಇಲ್ಲಿ, ಈ ಬೆಳಕಿನಲ್ಲಿ, ಅದರೊಳಗೆ ಮೂರು ನಾಲ್ಕು ಬಣ್ಣಗಳಿದ್ದವು. ಒಂದೆಡೆ ಹಾಲು ಹೆಚ್ಚಾದ ಚಹಾದ ಬಣ್ಣ, ಒಂದೆಡೆ ಹಳೆಯ ಬೆಲ್ಲದ್ದು, ಮೇಲಿನ ಅಂಚಿನಲ್ಲಿ ಯಾವಾಗ ಬಂತೋ ಗೊತ್ತಿಲ್ಲದ, ಶಾಯಿ ಚೆಲ್ಲಿದಂಥ ಕಪ್ಪು. ಅಂಚಂತೂ ನೆಟ್ಟಗಿರಲಿಲ್ಲ, ಇಲಿ ಕಡಿದ ಗೋಣಿಚೀಲದ ಬಾಯಿಯ ಹಾಗಿತ್ತು. ಅವನು ಬೆರಳಿನಿಂದ ಮುಟ್ಟಿದ. ನಡುಹಣೆಯ ಮೇಲೆ ಬೆರಳು ಆಡಿಸಿದರೆ ಚರ್ಮ ದಪ್ಪ, ಒರಟು, ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ಕೈಗೆ ಹತ್ತುತ್ತದೆ. ಅದು ನೆಲಕ್ಕೆ ಹಣೆ ಊರಿದ ನಾಲ್ವತ್ತು ವರ್ಷದ ನಮಾಜಿನದು, ಅದರಲ್ಲಿ ಸುಳ್ಳಿಲ್ಲ. ಒಂದು ಬೆಟ್ಟಡಿಕೆಯಷ್ಟೂ ದೊಡ್ಡದಿಲ್ಲ. ಬೆರಳನ್ನು ಬಲಕ್ಕೆ ಸರಿಸಿದರೆ ಏನೂ ಹತ್ತುವುದಿಲ್ಲ. ನುಣುಪು. ಕಣ್ಣಿಗೆ ಇಷ್ಟಗಲ ಕಾಣುವುದು ಬೆರಳಿಗೆ ಇಲ್ಲವೇ ಇಲ್ಲ.

ಇದು ಅವನಿಗೆ ಇವತ್ತು ತಿಳಿದದ್ದಲ್ಲ. ಅದು ಹುಟ್ಟಿದ ದಿನವೂ ಅವನಿಗೆ ನೆನಪಿದೆ. ಏಪ್ರಿಲ್ ಚಾಟ್ನಿಯ ಕಾಲ. ಚಾಟ್ನಿ ಎಂದರೆ ಬಳ್ಳಿಯ ಕಡ್ಡಿಗಳನ್ನೆಲ್ಲ ಕತ್ತರಿಸಿ ಚಪ್ಪರವನ್ನು ಬೋಳು ಮಾಡುವುದು. ಮೇಲೆ ಒಂದೆಲೆ ನೆರಳಿರುವುದಿಲ್ಲ. ಎಡಗೈಯಲ್ಲಿ ಕಡ್ಡಿ ಹಿಡಿದು, ಬಲಗೈಯಲ್ಲಿ ಕತ್ತರಿ ಹಿಡಿದು, ಕತ್ತನ್ನು ಎಡಕ್ಕೆ ವಾಲಿಸಿ ಮೇಲೆ ನೋಡುತ್ತ ಸಾಲಿನಿಂದ ಸಾಲಿಗೆ ನಡೆಯಬೇಕು. ಬಲಗೆನ್ನೆ, ಬಲಹಣೆ ಇಡೀ ದಿನ ಸೂರ್ಯನಿಗೆ ಒಡ್ಡಿಕೊಂಡೇ ಇರುತ್ತವೆ. ಬೇರೆಯವರು ತಲೆಗೆ ವಸ್ತ್ರ ಸುತ್ತಿಕೊಳ್ಳುತ್ತಿದ್ದರು. ಅವನಿಗೆ ಸೆಕೆ, ಬರೀ ಟೋಪಿ. ಆ ವರ್ಷ ಕ್ಷೌರದಂಗಡಿಯ ಕನ್ನಡಿಯಲ್ಲಿ ಬಲಹುಬ್ಬಿನ ಮೇಲೆ, ಕಣತಲೆಯ ಹತ್ತಿರ, ಎಳ್ಳಿನಷ್ಟು ಒಂದು ಚಹಾಬಣ್ಣದ ಹನಿ ಕಂಡಿತ್ತು. ಕ್ಷೌರದವನು ಒದ್ದೆ ಅರಿವೆಯಿಂದ ಒರೆಸಿ ನೋಡಿ, ಹೋಗದಿದ್ದಾಗ, ಬಿಸಿಲಿನ ಕಲೆ, ವಯಸ್ಸಾತು ಎಂದಿದ್ದ. ಮುಂದಿನ ವರ್ಷ ಅದು ಹುಣಸೆಬೀಜದಷ್ಟಾಯಿತು. ಮತ್ತೆ ಎರಡು ಮೂರು ವರ್ಷ ಬೆಳೆಯಿತೋ ಇಲ್ಲವೋ ಎನ್ನುವಂತೆ ಸುಮ್ಮನಿತ್ತು. ನೋವಿಲ್ಲ, ತುರಿಕೆಯಿಲ್ಲ, ರಕ್ತವಿಲ್ಲ. ಅವಸರವೇ ಇಲ್ಲದ ಒಬ್ಬ ಪಾಲುದಾರನ ಹಾಗೆ ವರ್ಷಕ್ಕೆ ಒಂದು ಗೆರೆ ಒಂದು ಗೆರೆ ಒತ್ತಿಕೊಳ್ಳುತ್ತ ಬಂದು, ಒಂದು ದಿನ ಅದು ನಡುಹಣೆಯ ಗುರುತನ್ನು ಮುಟ್ಟಿತು. ಮುಟ್ಟಿದ ಮೇಲೆ ಎರಡೂ ಒಂದೇ ಆಗಿ ಕಂಡವು. ಆ ವರ್ಷದ ಹಬ್ಬಕ್ಕೆ ಮಸೀದಿಯಲ್ಲಿ ಹಿರಿಯರೊಬ್ಬರು ಅವನ ಕೈ ಹಿಡಿದು ಮುಂದಿನ ಸಾಲಿಗೆ ಕರೆದೊಯ್ದು, ಈ ಹಣೆ ನೋಡಿ ಕಲಿಯಿರಿ ಎಂದು ಹುಡುಗರಿಗೆ ಹೇಳಿದ್ದರು. ಅವನು ಏನೂ ಹೇಳಲಿಲ್ಲ. ಯಾರೂ ಕೇಳಿರಲಿಲ್ಲವಲ್ಲ. ಕೇಳದಿದ್ದುದಕ್ಕೆ ಉತ್ತರ ಕೊಡದಿದ್ದರೆ ಅದು ಸುಳ್ಳಾಗುತ್ತದೆಯೇ, ಎಂದು ಅವನು ರಾತ್ರಿ ನಮಾಜಿನ ಕೊನೆಯಲ್ಲಿ ಎಷ್ಟೋ ಸಲ ಕೇಳಿಕೊಂಡಿದ್ದ; ಕೇಳಿಕೊಂಡು, ಮರುದಿನ ಬೆಳಿಗ್ಗೆ ಟೋಪಿಯನ್ನು ಎರಡು ಬೆರಳು ಹಿಂದಕ್ಕೆ ಸರಿಸಿದ್ದ.

ಮಗನಿಗೆ ನಿಖತಳನ್ನು ಕೇಳಲು ನಿಡೋಣಿಗೆ ಹೋದಾಗ ಅವಳ ಅಪ್ಪ ಮುಬೀನ ಹೆಚ್ಚು ವಿಚಾರಿಸಿರಲೇ ಇಲ್ಲ. ಹುಡುಗ ಅಶ್ಫಾಕ ಏನು ಓದಿದ್ದಾನೆ, ಸಿಟ್ಟಿನವನೋ ಸಮಾಧಾನದವನೋ, ಒಂದೂ ಇಲ್ಲ. ಅಲ್ಲಾಉದ್ದೀನನನ್ನು ಒಂದು ಗಳಿಗೆ ನೋಡಿ, ನೆರೆದವರ ಮುಂದೆ ಎಂದಿದ್ದ: "ಹಣೀ ನೋಡಿ ಹೆಣ್ಣು ಕೊಡಾಕತ್ತೇನಿ." ಆ ಮಾತು ಬಬಲೇಶ್ವರದ ಸಂತೆಯ ತನಕ ಹೋಗಿ, ಗಾದೆಯ ಹಾಗಾಗಿ ಟಿಕೋಟಾಕ್ಕೆ ವಾಪಸು ಬಂದಿತ್ತು. ಆರು ವರ್ಷವಾಯಿತು. ಸೊಸೆ ಒಳ್ಳೆಯವಳು. ಮನೂಕ ಶೆಡ್ಡಿನಲ್ಲಿ ಬಣ್ಣ ಬೇರ್ಪಡಿಸಲು ಕುಳಿತಳೆಂದರೆ ಅವಳ ಕಣ್ಣಿಗೆ ಎದುರಿಲ್ಲ. ಹಸಿರು ಹಸಿರಿಗೆ, ಹಳದಿ ಹಳದಿಗೆ, ಎರಡು ಬಣ್ಣ ಕೂಡಿದ ಒಂದು ಕಾಳು ಬಂದರೆ ಮಾತಾಡುತ್ತಲೇ ಎತ್ತಿ ಹೊರಗೆಸೆಯುತ್ತಾಳೆ. ಅಂಥ ಕಣ್ಣಿನವಳು ಆರು ವರ್ಷ ದಿನಕ್ಕೆರಡು ಹೊತ್ತು ಅವನ ಎದುರಿಗೆ ಕೂತು ಉಣ್ಣಲು ಬಡಿಸಿದ್ದಾಳೆ, ಹಣೆಯ ಮೂರು ಬಣ್ಣ ಕಂಡಿಲ್ಲ. ತನ್ನಪ್ಪ ನಮಾಜು ಕಂಡ ಹಣೆಯಲ್ಲಿ ಅವಳಿಗೆ ಬೇರೇನು ಕಾಣಬೇಕು? ಈಗ ಮೇಲೆ ನಮಾಜಿನ ಗುರುತೆಂದು ಹೇಳಿ ಆ ಡಾಕ್ಟರ ಕಣ್ಣನ್ನೂ ಅವಳೇ ಮುಚ್ಚಿದಳು. ಅವಳೆಲ್ಲಿ ಮುಚ್ಚಿದಳು. ಮುಚ್ಚಿಸಿದವನು ತಾನು.

ಅಲ್ಲಾಉದ್ದೀನ ಕನ್ನಡಿ ಬಿಟ್ಟು ನೆಟ್ಟಗಾದ. ಈಗ ಹೋಗಿ ಬಸ್ಸು ಹತ್ತಿದರೆ ಎಲ್ಲವೂ ಇದ್ದ ಹಾಗೇ ಇರುತ್ತದೆ. ಹದಿನೈದು ದಿನ ಬಿಟ್ಟು ಬರುವಾಗ ಅಶ್ಫಾಕನನ್ನು ಕಳಿಸಿದರಾಯಿತು, ತಾನು ಬರಬೇಕೆಂದೇನೂ ಇಲ್ಲ. ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ಹೆದರಿಕೆಯಾಯಿತು. ಚುಕ್ಕೆ ಕಂಡೂ ಎಲೆ ಮಗುಚದೆ ಮುಂದಿನ ಸಾಲಿಗೆ ಹೋದ ಆಳನ್ನು ಅವನು ಒಮ್ಮೆ ಎಲ್ಲರೆದುರು ಬೈದಿದ್ದ. ಮಗುಚಿ ನೋಡೂದಕ್ಕ ಏನ್ ಧಾಡಿ ನಿನಗ ಎಂದು. ಅಲ್ಲಾಉದ್ದೀನ ಹೆಂಡತಿಯ ಹತ್ತಿರ ಹೋಗಿ, ಹೆಗಲ ವಸ್ತ್ರ ಮೇಲೇ ಬಿಟ್ಟು ಬಂದೆ, ಈಗ ತಂದುಬಿಡುತ್ತೇನೆ ಎಂದು ಹೇಳಿ ಮೆಟ್ಟಿಲು ಹತ್ತಿದ. ಒಬ್ಬನೇ ಹೋಗಿ ಡಾಕ್ಟರಿಗಷ್ಟೇ ಹೇಳಿ ಬಂದರೆ ಸಾಕು, ಸೊಸೆಗೆ ತಿಳಿಯಬೇಕಾದ್ದಿಲ್ಲ ಎಂಬುದು ಅವನ ಎಣಿಕೆ. ವಸ್ತ್ರ ಅವನ ಹೆಗಲ ಮೇಲೇ ಇತ್ತು. ಅರ್ಧ ಮೆಟ್ಟಿಲಿನಲ್ಲಿ ಅದು ಕೈಗೆ ತಾಗಿದಾಗ ತಿರುಗಿ ನೋಡಿದ; ಕೆಳಗೆ ಔಷಧದ ಚೀಲ ಹಿಡಿದ ನಿಖತ ಅವನ ಹೆಗಲನ್ನೇ ನೋಡುತ್ತ ನಿಂತಿದ್ದಳು.

ಮೇಲೆ ಹೆಸರು ಬರೆಯುವ ಹುಡುಗಿ ಅವನನ್ನು ಒಳಗೆ ಬಿಡಲಿಲ್ಲ. ಅಜ್ಜ, ನಿಮ್ಮ ಹೆಸರಿನ ಚೀಟಿ ಇಲ್ಲ, ಅಜ್ಜಿಯ ಚೀಟಿಯ ಮೇಲೆ ನಿಮ್ಮನ್ನು ನೋಡಲು ಬರುವುದಿಲ್ಲ ಎಂದಳು. ಏನಾಗಿದೆ ಎಂದು ಬರೆಯಲಿ ಎಂದೂ ಕೇಳಿದಳು. ಬೆಂಚುಗಳ ಮೇಲೆ ಎಂಟು ಹತ್ತು ಮಂದಿ ಕೂತಿದ್ದರು, ಯಾರಿಗೂ ಬೇರೆ ಕೆಲಸವಿರಲಿಲ್ಲ. ಅಲ್ಲಾಉದ್ದೀನ ಮೆಲ್ಲಗೆ ಕಲೆ ಎಂದ. ಕೇಳಿಸಲಿಲ್ಲ ಎಂದಳು ಅವಳು. ಕಲೆ, ಎಂದು ಅವನು ಮತ್ತೆ ಹೇಳಿದ, ಮೊದಲಿಗಿಂತ ಗಟ್ಟಿಯಾಗಿ. ಅಷ್ಟು ವರ್ಷದಲ್ಲಿ ಅದನ್ನು ಆ ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. ಸರದಿ ಬರುವಷ್ಟರಲ್ಲಿ ನಿಖತ ಮೇಲೆ ಬಂದು ಅವನ ಪಕ್ಕ ನಿಂತಿದ್ದಳು. ಒಳಗೆ ಹೋದಾಗ ಅವಳೂ ಬಂದಳು. ಬೇಡ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ.

"ಮೇಡಮ್ಮಾರ, ಇದು ನಮಾಜಿಂದಲ್ಲ" ಎಂದ ಅಲ್ಲಾಉದ್ದೀನ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. "ನಡುವ ಇರೂದು ನಮಾಜಿಂದು. ಬಲಕ್ಕಿರೂದು ಬ್ಯಾರೆ. ಅದು ಹುಟ್ಟಿದ್ದ ಬ್ಯಾರೆ ಕಡೆ. ಅದು ನೆಲಕ್ಕ ಹತ್ತೂ ಜಾಗಾನೇ ಅಲ್ರಿ."

ಹಿಂದೆ ನಿಂತ ನಿಖತಳ ಬಳೆ ಸದ್ದು ಮಾಡಿತು, ಮತ್ತೆ ಸುಮ್ಮನಾಯಿತು. ಡಾಕ್ಟರು ಎದ್ದು ಬಂದಳು. ಅವನನ್ನು ಕಿಟಕಿಯ ಕಡೆ ತಿರುಗಿಸಿ ಕೂರಿಸಿ, ದೀಪವಿರುವ ಒಂದು ಪುಟ್ಟ ಗಾಜನ್ನು ಹಣೆಗೆ ತಾಗಿಸಿ, ಬಹಳ ಹೊತ್ತು ನೋಡಿದಳು. ಅವಳ ಉಸಿರು ಅವನ ಹುಬ್ಬಿಗೆ ತಾಗುತ್ತಿತ್ತು. ಎಷ್ಟು ವರ್ಷದಿಂದ ಇದೆ, ಯಾವ ಕಡೆಯಿಂದ ಬೆಳೆಯಿತು, ಈ ಕಪ್ಪು ಯಾವಾಗ ಬಂತು, ಎಂದಾದರೂ ರಕ್ತ ಬಂದಿತ್ತೇ, ಬಿಸಿಲಿನಲ್ಲಿ ಎಷ್ಟು ಕಾಲ ದುಡಿದಿರಿ. ಅವನು ಒಂದೊಂದಕ್ಕೂ ಹೇಳಿದ. ಎಳ್ಳು, ಹುಣಸೆಬೀಜ, ಹದಿನಾರು ವರ್ಷ, ಎಲ್ಲವೂ ಸಾಲಾಗಿ ಬಂದವು. ಯಾರಾದರೂ ಕೇಳಲಿ ಎಂದೇ ಒಳಗೆ ಜೋಡಿಸಿಟ್ಟುಕೊಂಡಿದ್ದನೇನೋ ಎಂಬಂತೆ. ಅವಳು ಗಾಜು ಇಳಿಸಿ ಎದುರಿಗೆ ಕೂತು, ಮುಚ್ಚುಮರೆಯಿಲ್ಲದೆ ಹೇಳಿದಳು. ವಯಸ್ಸಾದವರ ಮುಖದ ಮೇಲೆ ಬಿಸಿಲಿನ ಕಲೆ ಆಗುವುದು ಸಾಮಾನ್ಯ, ಅವು ಬಹುತೇಕ ಏನೂ ಮಾಡುವುದಿಲ್ಲ. ಆದರೆ ಅವು ಒಂದೇ ಬಣ್ಣದವಾಗಿರುತ್ತವೆ, ಒಂದಿಷ್ಟಾಗಿ ನಿಂತುಬಿಡುತ್ತವೆ. ಹೀಗೆ ವರ್ಷಗಟ್ಟಲೆ ಮೆಲ್ಲಗೆ ಹರಡುತ್ತ, ಅಂಚು ಕೆಡುತ್ತ, ಒಳಗೆ ಬಣ್ಣ ಬದಲಾಗುತ್ತ ಹೋದರೆ ಅನುಮಾನ ಪಡಬೇಕು. ಮೆಲನೋಮಾ ಎಂದು ಒಂದಿದೆ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿಗೆ ಹತ್ತುವ ಕ್ಯಾನ್ಸರ್. ನಮ್ಮ ಕಡೆ ಅಪರೂಪ. ಇದು ಅದೇ ಎಂದು ನೋಡಿದ ಮಾತ್ರಕ್ಕೆ ತಾನು ಹೇಳಲಾರೆ, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಈ ನಮೂನೆಯದು ಬಹಳ ಕಾಲ ಚರ್ಮದ ಮೇಲುಪದರದಲ್ಲೇ ಇರುತ್ತದೆ, ಆಗಲೇ ತೆಗೆದುಬಿಟ್ಟರೆ ಆಯಿತು. ಒಳಗಿಳಿಯಲು ಬಿಟ್ಟರೆ ಮಾತು ಬೇರೆ.

ಆಮೇಲೆ ಅವಳು ಮೇಜಿನ ಮೇಲಿನ ಪುಟ್ಟ ಬುದ್ಧನ ಮೂರ್ತಿಯನ್ನು ಸುಮ್ಮನೆ ಒಂದು ಬೆರಳು ಆಚೆ ಸರಿಸಿದಳು.

"ಕಾಕಾರ, ಆಗ ಬಂದಾಗ್ಲೇ ನನಗ ಸಂಶಯ ಬಂದಿತ್ತು. ನಿಮ್ಮ ಮನಸಿಗೆ ನೋವಾಗಬಾರದಂತ ಸುಮ್ಮನಾದೆ. ನೀವು ಹೊಳ್ಳಿ ಬರಲಿಲ್ಲಂದ್ರ ಆ ತಪ್ಪು ನಂದ ಆಗತಿತ್ತು."

ತನ್ನ ಪಾಲಿನ ತಪ್ಪಿನಲ್ಲಿ ಇನ್ನೊಬ್ಬರು ಹೀಗೆ ಕೈಹಾಕಿ ಅರ್ಧ ಎತ್ತಿಕೊಳ್ಳಬಹುದೆಂದು ಅಲ್ಲಾಉದ್ದೀನ ಎಣಿಸಿರಲಿಲ್ಲ. ಹಿಂದೆ ನಿಂತವಳ ಮುಖ ನೋಡಲು ಮಾತ್ರ ಅವನಿಗೆ ಧೈರ್ಯವಾಗಲಿಲ್ಲ. ಮೆಟ್ಟಿಲಿಳಿಯುವಾಗ ಅವನೇ ಮುಂದೆ ಇಳಿದ, ಒಂದೊಂದೇ ಮೆಟ್ಟಿಲು, ಗೋಡೆ ಹಿಡಿದು. ನಡುವೆ ಒಂದು ತಿರುವಿನಲ್ಲಿ ನಿಂತು, ಗೋಡೆಗೇ ಹೇಳುವವನಂತೆ, ನಿಮ್ಮಪ್ಪ ಹಣೆ ನೋಡಿ ಕೊಟ್ಟಿದ್ದ ಎಂದ. ಅದಕ್ಕಿಂತ ಹೆಚ್ಚು ಬರಲಿಲ್ಲ. ನಿಖತ ಒಂದು ಮೆಟ್ಟಿಲು ಮೇಲೆ ನಿಂತಿದ್ದಳು. ಕೆಳಗೆ ಯಾರೋ ಸ್ಕೂಟರ್ ಒದ್ದು ಒದ್ದು ಚಾಲೂ ಮಾಡುತ್ತಿದ್ದರು.

"ಮಾಮಾ, ಹಣೀ ಅಂತ ಅಪ್ಪ ಊರ ಮುಂದ ಅಂದಾರ. ಅದಕ್ಕ ಎಂಟ ದಿನ ಮೊದಲ ನಿಮ್ಮ ತ್ವಾಟಕ್ಕ ಬಂದು ಬೋರಿನ ನೀರು ನೋಡಿ ಹೋಗಿದ್ರು. ಒಂದ ತಾಸು ನಿಂತಿದ್ರಂತ."

ಅಲ್ಲಾಉದ್ದೀನ ತಿರುಗಿ ನೋಡಿದ. ಸೊಸೆಯ ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ನಗು ತಡೆಯಲಾರದೆ ಒಂದು ಬದಿಗೆ ಹೋಗಿತ್ತು. ಮೊದಲು ಅವನಿಗೆ ಅವಮಾನವಾಯಿತು. ಆರು ವರ್ಷ ತಾನು ಹೊತ್ತುಕೊಂಡು ತಿರುಗಿದ ಭಾರವೆಲ್ಲ ಒಂದು ಬೋರಿನ ನೀರಿನಲ್ಲಿ ಹೀಗೆ ತೊಳೆದುಹೋಗುವುದೇ? ಆಮೇಲೆ, ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ, ಅವನ ಹೊಟ್ಟೆಯೊಳಗಿಂದ ಒಂದು ನಗೆ ಎದ್ದು ಬಂದು ಕೆಮ್ಮಾಗಿ ಹೊರಬಿತ್ತು.

ಬಸ್ಸಿನಲ್ಲಿ ಅವನು ರಹಿಮಾಬಿಗೆ ಎಲ್ಲವನ್ನೂ ಹೇಳಿದ, ಕ್ಯಾನ್ಸರ್ ಎಂಬ ಮಾತನ್ನೂ ಬಿಡದೆ. ಅವಳು ಮುಲಾಮು ಹಚ್ಚಿದ ಎರಡೂ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು, ದುವಾ ಬೇಡುವವಳ ಹಾಗೆ ಕೂತಿದ್ದಳು. ಕಿಟಕಿಯಾಚೆ ಒಂದು ಮನೂಕ ಶೆಡ್ಡು ಹೋಯಿತು, ಅದರ ಹಸಿರು ಪರದೆ ಗಾಳಿಗೆ ಉಬ್ಬಿತ್ತು. ಬಲಗಡೆ ಇರುವುದು ಬೇರೆ ಎಂದು ತನಗೆ ಗೊತ್ತಿತ್ತು ಎಂದಳು ಅವಳು, ಬಹಳ ಮೆಲ್ಲಗೆ. ವಾರಕ್ಕೊಮ್ಮೆ ತಲೆಗೆ ಎಣ್ಣೆ ಹಚ್ಚುವ ಕೈ, ಅದಕ್ಕೆ ತಿಳಿಯದಿರುತ್ತದೆಯೇ. ಒಂದು ಒರಟು, ಇನ್ನೊಂದು ಕೈಗೇ ಹತ್ತುವುದಿಲ್ಲ. ಮತ್ತೆ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ.

"ನಿಮಗ ಅದೊಂದು ಸಿಂಗಾರ ಆಗಿತ್ತು. ರೋಗ ಅಂತ ನನಗೇನ್ ಗೊತ್ರಿ. ಯಾಕ ಕಸಗೋಬೇಕು ಅಂತ ಬಿಟ್ಟೆ."

ಅವನು ಆಚೆ ನೋಡಿದ. ತನ್ನನ್ನು ಇಷ್ಟು ಪೂರ್ತಿಯಾಗಿ, ಟೋಪಿಯ ಎರಡು ಬೆರಳಿನ ಸಮೇತ, ಒಬ್ಬಳು ನೋಡುತ್ತಲೇ ಇದ್ದಳೆಂಬುದು ನಾಚಿಕೆಯ ವಿಷಯ. ಆದರೆ ನಾಚಿಕೆಯ ಕೆಳಗೆ, ಬೆಚ್ಚಗೆ, ಬೇರೇನೋ ಇತ್ತು. ಟಿಕೋಟಾ ಬರುವ ತನಕ ಅವನು ಅದನ್ನು ಮನಸ್ಸಿನಲ್ಲೇ ಮುಟ್ಟಿ ಮುಟ್ಟಿ ನೋಡುತ್ತ ಕೂತ.

ಚೂರು ತೆಗೆದು ಕಳಿಸಿದ ಪರೀಕ್ಷೆಯ ಫಲಿತಾಂಶ ಬಂತು. ಡಾಕ್ಟರ ಸಂಶಯ ನಿಜವಾಗಿತ್ತು. ಆದರೆ ಅದು ಮೇಲುಪದರ ಬಿಟ್ಟು ಇಳಿದಿರಲಿಲ್ಲ. ಅಷ್ಟು ವರ್ಷ ಸಾವಕಾಶವಾಗಿದ್ದ ಪಾಲುದಾರ ಕೊನೆಗೂ ಅವನಿಗೆ ವೇಳೆ ಕೊಟ್ಟಿದ್ದ. ದೊಡ್ಡ ಆಸ್ಪತ್ರೆಯಲ್ಲಿ ಕಲೆಯನ್ನೂ ಅದರ ಸುತ್ತ ಒಂದಿಷ್ಟು ಒಳ್ಳೆಯ ಚರ್ಮವನ್ನೂ ತೆಗೆದು, ಪಕ್ಕದ ಚರ್ಮ ಎಳೆದು ಹೊಲಿದರು. ಕೆಲವು ತಿಂಗಳಿಗೊಮ್ಮೆ ಬಂದು ತೋರಿಸುತ್ತಿರಬೇಕು ಎಂದರು. ಆ ಸಲದ ಚಾಟ್ನಿಯನ್ನು ಅವನು ಶೆಡ್ಡಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು, ಅಶ್ಫಾಕನನ್ನು ಬೈಯುತ್ತ ಮುಗಿಸಿದ. ಗಾಯ ಮಾಯುವವರೆಗೆ ಬಗ್ಗಬಾರದೆಂದಿದ್ದರಿಂದ ನಮಾಜೂ ಕುರ್ಚಿಯ ಮೇಲೆಯೇ ಆಯಿತು, ಮಸೀದಿಯ ಹಿಂದಿನ ಸಾಲಿನಲ್ಲಿ. ಹಿಂದಿನ ಸಾಲಿನಲ್ಲಿ ಗಾಳಿ ಚೆನ್ನಾಗಿ ಬರುತ್ತದೆಂಬುದು ಅವನಿಗೆ ಮರೆತೇಹೋಗಿತ್ತು. ಕೇಳಿದವರಿಗೆಲ್ಲ ಅವನು ಇದ್ದದ್ದನ್ನೇ ಹೇಳಿದ. ಕೆಲವರು ನಂಬಲಿಲ್ಲ, ಅದನ್ನೂ ಅವನ ವಿನಯವೆಂದು ಎಣಿಸಿದರು. ಇಬ್ಬರು ಮಾತ್ರ ತಮ್ಮ ಮನೆಯ ಮುದುಕರನ್ನು ಜಲನಗರಕ್ಕೆ ಕರೆದುಕೊಂಡು ಹೋಗಿ ಮುಖ ತೋರಿಸಿಕೊಂಡು ಬಂದರು. ಎರಡೂ ಬರೀ ಬಿಸಿಲಿನ ಕಲೆಗಳೇ ಆಗಿದ್ದವು.

ಮುಂಗಾರಿನ ಮೊದಲ ಹನಿ ಬಿದ್ದ ಮೇಲೆ ಮುಬೀನ ನಿಡೋಣಿಯಿಂದ ಒಂದು ಚೀಲ ಬದನೆಕಾಯಿ ಹೊತ್ತು ಬೀಗರನ್ನು ನೋಡಲು ಬಂದ. ತೋಟದ ಶೆಡ್ಡಿನಲ್ಲಿ ಎದುರುಬದುರು ಕೂತರು. ಮುಬೀನ ಹಣೆಯನ್ನೇ ನೋಡುತ್ತಿದ್ದ; ಅಲ್ಲೀಗ ಒಂದು ಬಿಳಿಯ ಗೆರೆ, ನಡುಹಣೆಯಲ್ಲಿ ಬೆಟ್ಟಡಿಕೆಗಿಂತ ಚಿಕ್ಕದಾದ ನಮಾಜಿನ ಕಪ್ಪು. ಅಲ್ಲಾಉದ್ದೀನ ಅವನು ಕೇಳುವ ಮೊದಲೇ ಎಲ್ಲ ಹೇಳಿದ, ಟೋಪಿ ಹಿಂದೆ ಸರಿಸುತ್ತಿದ್ದದ್ದನ್ನು ಕೂಡ. ಮುಬೀನ ಗೆರೆ ನೋಡಿದ, ಚಪ್ಪರ ನೋಡಿದ, ಹೊಸ ಚಿಗುರು ನೋಡಿದ.

"ಬೋರಿನ ನೀರು ಹೆಂಗದ?" ಎಂದು ಕೇಳಿದ.

ಒಳಗೆ ಚಹಾ ಸೋಸುತ್ತಿದ್ದ ನಿಖತಳಿಗೆ ಒಮ್ಮೆಲೇ ಕೆಮ್ಮು ಬಂತು. ಎರಡಿಂಚು ಬರುತ್ತದೆ ಎಂದ ಅಲ್ಲಾಉದ್ದೀನ, ಮುಖ ಬಿಗಿಹಿಡಿದು. "ಹಂಗಾರ ಚಿಂತಿಲ್ಲ" ಎಂದ ಮುಬೀನ, ಬಹಳ ಗಂಭೀರವಾಗಿ.

ಮಧ್ಯಾಹ್ನದ ನಮಾಜಿಗೆ ಇಬ್ಬರೂ ಬಳ್ಳಿಯ ನೆರಳಲ್ಲಿ ಚಾಪೆ ಹಾಸಿಕೊಂಡರು. ಡಾಕ್ಟರು ಬಗ್ಗಬಹುದು ಎಂದ ಮೇಲೆ ಅಲ್ಲಾಉದ್ದೀನನಿಗೆ ಅದು ಮೊದಲ ದಿನ. ಮೊಣಕಾಲು ಊರಿ, ಅಂಗೈ ಊರಿ, ಹೆದರುತ್ತ ಹೆದರುತ್ತ ಅವನು ಹಣೆಯನ್ನು ಇಳಿಸಿದ. ಚಾಪೆಯ ಕೆಳಗೆ ಮಣ್ಣು ತಂಪಾಗಿತ್ತು. ಹೊಲಿಗೆ ಹಾಕಿದ ಜಾಗ ನೆಲಕ್ಕೆ ತಾಗಲಿಲ್ಲ. ಅದು ಎಂದೂ ತಾಗಿರಲಿಲ್ಲ.